‘ನನ್ನಲ್ಲಿ ಏನೂ ಇಲ್ಲ ಸರ್’ ಎನ್ನುವವರಿಗಾಗಿ: ಕಾಲೇಜು ವಿದ್ಯಾರ್ಥಿಗಳ ಸಾಮರ್ಥ್ಯ ಗುರುತಿಸಿ ಬೆಳೆಸುವ ಮಾರ್ಗದರ್ಶಿ

ಪದವಿ ಕಾಲೇಜುಗಳಲ್ಲಿ ಈಗ ಬಹುತೇಕ ಅಧ್ಯಾಪಕರಿಗೆ ಒಂದೊಂದು ಮೆಂಟರ್ ಗುಂಪು ಇರುತ್ತದೆ. ಇಪ್ಪತ್ತೋ ಮೂವತ್ತೋ ವಿದ್ಯಾರ್ಥಿಗಳು, ಅವರ ಹಾಜರಾತಿ, ಇಂಟರ್ನಲ್ಸ್ ಅಂಕ, ಮನೆಯವರ ಫೋನ್ ನಂಬರು ಬರೆದಿಟ್ಟ ಒಂದು ಪುಸ್ತಕ. ಅದರಲ್ಲಿ ‘ವಿದ್ಯಾರ್ಥಿಯ ಸಾಮರ್ಥ್ಯ’ ಎಂಬ ಕಾಲಂ ಇದ್ದರೆ ಅಲ್ಲಿ ‘ಗುಡ್’, ‘ಹಾರ್ಡ್ ವರ್ಕಿಂಗ್’, ‘ಕ್ರೀಡೆ’ ಎಂಬಷ್ಟೇ ಬರೆದು ಮುಂದಿನ ಹೆಸರಿಗೆ ಹೋಗಿಬಿಡುತ್ತೇವೆ. ಆ ಕಾಲಂ ಅನ್ನು ನಿಜವಾಗಿ ತುಂಬುವುದು ಹೇಗೆ, ತುಂಬಿದ್ದನ್ನು ಒಂದು ಸೆಮಿಸ್ಟರಿನೊಳಗೆ ಬೆಳೆಸುವುದು ಹೇಗೆ ಎಂಬುದು ಈ ಬರಹದ ವಿಷಯ. ಮೆಂಟರ್ ಆಗಿರುವ ಅಧ್ಯಾಪಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ವಿದ್ಯಾರ್ಥಿಗಳೇ ಓದುತ್ತಿದ್ದರೆ, ಇಬ್ಬರು ಗೆಳೆಯರು ಸೇರಿ ಒಬ್ಬರಿಗೊಬ್ಬರು ಮೆಂಟರ್ ಆಗಿ ಇದನ್ನೆಲ್ಲ ಮಾಡಬಹುದು.

ಹೊರಡುವ ಮುನ್ನ ಒಂದು ಮಾತು. ಸಾಮರ್ಥ್ಯ ಇರುವುದು ಮಾಡಿದ ಕೆಲಸದಲ್ಲಿ. ಅದನ್ನು ಹುಡುಕಬೇಕಾದದ್ದೂ ಅಲ್ಲೇ. ಅಂಕಪಟ್ಟಿ ತೋರಿಸುವುದು ಪರೀಕ್ಷಾ ಕೊಠಡಿಯ ಮೂರು ಗಂಟೆಯನ್ನು ಮಾತ್ರ. ಉಳಿದ ದಿನವೆಲ್ಲ ಆ ಹುಡುಗ ಏನು ಮಾಡುತ್ತಾನೆ ಎಂಬುದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅವನಿಗೂ ಅದು ಹೇಳಿಕೊಳ್ಳುವಂಥದ್ದು ಎನಿಸಿರುವುದಿಲ್ಲ. ಶನಿವಾರ ಭಾನುವಾರ ಮದುವೆ ಮನೆಗಳಿಗೆ ಕೇಟರಿಂಗ್‌ನವರ ಜೊತೆ ಬಡಿಸಲು ಹೋಗುವವನು, ಅಜ್ಜಿಯನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದು ಲಂಬಾಣಿ ಮಾತನ್ನು ಡಾಕ್ಟರಿಗೆ ಕನ್ನಡದಲ್ಲಿ ತಿಳಿಸುವವಳು, ಹಾಸ್ಟೆಲ್ ಮೆಸ್ಸಿನ ಲೆಕ್ಕ ನೋಡುವವನು, ಅಪ್ಪನ ಲಗೇಜ್ ಆಟೋಗೆ ಬಾಡಿಗೆ ಹಿಡಿಯುವವನು ನಮ್ಮ ತರಗತಿಯಲ್ಲೇ ಕೂತಿದ್ದಾರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇವರ ವಿಷಯದಲ್ಲಿ ಅಕ್ಷರಶಃ ನಿಜ. ಮನೆಯಲ್ಲಿ ಕಲಿತದ್ದು ಅವರ ಲೆಕ್ಕದಲ್ಲಿ ಕಲಿಕೆಯೇ ಅಲ್ಲ.

ಹೆಜ್ಜೆ 1: ‘ನಿನ್ನ ಸ್ಟ್ರೆಂತ್ ಏನು’ ಎಂದು ಕೇಳಬೇಡಿ

ಈ ಪ್ರಶ್ನೆಗೆ ಬರುವುದು ಎರಡೇ ಬಗೆಯ ಉತ್ತರ. ಒಂದು, ಇಂಟರ್ನೆಟ್ಟಿನಿಂದ ಬಾಯಿಪಾಠ ಮಾಡಿದ ‘ಐ ಆಮ್ ಎ ಕ್ವಿಕ್ ಲರ್ನರ್’. ಇನ್ನೊಂದು, ತಲೆ ತಗ್ಗಿಸಿ ‘ಏನೂ ಇಲ್ಲ ಸರ್’. ಎರಡರಿಂದಲೂ ನಮಗೆ ಏನೂ ತಿಳಿಯುವುದಿಲ್ಲ. ಅದರ ಬದಲು ದಿನಚರಿ ಕೇಳಿ. ಬೆಳಿಗ್ಗೆ ಎದ್ದು ಕಾಲೇಜಿಗೆ ಬರುವ ತನಕ ಏನೇನು ನಡೆಯಿತು? ನಿನ್ನೆ ಸಂಜೆ ಏನು ಮಾಡಿದೆ? ಕಳೆದ ತಿಂಗಳು ಯಾವ ಕೆಲಸಕ್ಕೆ ಯಾರು ನಿನ್ನನ್ನು ಕರೆದರು? ಏನಾದರೂ ಕೆಟ್ಟು ನಿಂತಾಗ ನೀನು ಏನು ಮಾಡಿದೆ?

ಬಿ.ಕಾಂ. ಎರಡನೇ ವರ್ಷದ ಒಬ್ಬ ಹುಡುಗಿಯ ಜೊತೆ ಆದ ಮಾತನ್ನು ಇಲ್ಲಿ ಹೇಳಬೇಕು. ತರಗತಿಯಲ್ಲಿ ಹಿಂದಿನ ಬೆಂಚು, ಬಾಯಿ ಬಿಡುವುದೇ ಅಪರೂಪ.

‘ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತೀಯಮ್ಮ?’

‘ಐದಕ್ಕೆ ಸರ್. ಡೈರಿಗೆ ಹೋಗ್ಬೇಕು.’

‘ಡೈರೀಲಿ ನಿಂದೇನು ಕೆಲಸ?’

‘ಏನಿಲ್ಲ ಸರ್. ಅಪ್ಪ ಅಲ್ಲಿ ಸೆಕ್ರೆಟರಿ. ನಾನು ಸುಮ್ನೆ ಬರ್ಕೊಳ್ತೀನಿ ಅಷ್ಟೆ.’

‘ಸುಮ್ನೆ ಬರ್ಕೊಳ್ತೀನಿ’ ಎಂಬಲ್ಲಿಗೆ ಮಾತು ನಿಲ್ಲಿಸಿದ್ದರೆ ಅಷ್ಟೇ ಆಗುತ್ತಿತ್ತು. ಹಾಲಿನ ಫ್ಯಾಟ್ ಕಡಿಮೆ ಬಂದಾಗ ಯಾರಾದರೂ ಜಗಳಕ್ಕೆ ಬರುವುದಿಲ್ಲವೇ ಎಂದು ಕೇಳಿದೆ. ಅವಳ ಮುಖ ಬದಲಾಯಿತು.

‘ಬರ್ತಾರೆ ಸರ್, ಯಾಕೆ ಬರಲ್ಲ. ಅವರ ಎದುರಿಗೇ ಇನ್ನೊಂದ್ಸಲ ಸ್ಯಾಂಪಲ್ ಹಾಕಿ ತೋರಿಸ್ತೀನಿ. ಹಿಂದಿನ ವಾರ ಎಷ್ಟು ಬಂದಿತ್ತು ಅಂತ ಪುಸ್ತಕದಲ್ಲಿ ತೋರಿಸ್ತೀನಿ. ಆಮೇಲೆ ಮೇವು ಏನಾದ್ರೂ ಬದಲಾಯಿಸಿದ್ರಾ, ಹಸು ಕರು ಹಾಕಿ ಎಷ್ಟು ದಿನ ಆಯ್ತು ಅಂತ ಕೇಳ್ತೀನಿ. ಬೈಕೊಂಡು ಬಂದವರು ಆಮೇಲೆ ಸುಮ್ನೆ ಹೋಗ್ತಾರೆ.’

ಆಧಾರ ಮುಂದಿಡುವುದು, ದನಿ ಏರಿಸದಿರುವುದು, ಅಂಕಿಯ ಹಿಂದಿನ ಕಾರಣ ಹುಡುಕುವುದು ಎಲ್ಲವೂ ಈ ಐದು ವಾಕ್ಯದಲ್ಲಿವೆ. ಕಂಪನಿಗಳು ಹಣ ಕೊಟ್ಟು ತರಬೇತಿ ಕೊಡಿಸುವ ಕೆಲಸ ಇದು. ಅವಳು ಅದನ್ನು ‘ಸುಮ್ನೆ’ ಎನ್ನುತ್ತಿದ್ದಳು.

ಹಾಗಾಗಿ ಮೊದಲ ಭೇಟಿಯ ನಿಯಮ ಇದು: ‘ಸುಮ್ನೆ’, ‘ಅಷ್ಟೆ’, ‘ಏನಿಲ್ಲ’ ಎಂಬ ಮಾತು ಬಂದ ಜಾಗದಲ್ಲಿ ಇನ್ನೊಂದು ಪ್ರಶ್ನೆ ಕೇಳಿ. ‘ಹೇಗೆ ಮಾಡ್ತೀಯ?’ ‘ಅದು ಸರಿ ಹೋಗದಿದ್ದರೆ?’ ಎಂಬ ಪ್ರಶ್ನೆಗಳು ಸಾಕು. ಈ ಮಾತುಕತೆ ಸ್ಟಾಫ್ ರೂಮಿನಲ್ಲಿ, ಇತರ ಅಧ್ಯಾಪಕರ ನಡುವೆ ಬೇಡ. ವರಾಂಡದಲ್ಲಿ ನಿಂತುಕೊಂಡಾದರೂ ಆದೀತು, ಒಬ್ಬೊಬ್ಬರನ್ನೇ ಮಾತಾಡಿಸಿ. ಮನೆಯ ಬಡತನ, ಜಗಳ ಮಾತಿನ ನಡುವೆ ಬಂದರೆ ಅದನ್ನು ಪುಸ್ತಕದಲ್ಲಿ ಬರೆಯಬೇಡಿ.

ಮಾತು ವಿದ್ಯಾರ್ಥಿಯ ಮನೆಮಾತಿನಲ್ಲಿ, ಆಗದಿದ್ದರೆ ಕನ್ನಡದಲ್ಲಿ ನಡೆಯಲಿ. ಇಂಗ್ಲಿಷಿನಲ್ಲಿ ಕೇಳಿದರೆ ನಮಗೆ ಸಿಗುವುದು ಅವರ ಇಂಗ್ಲಿಷಿನ ಅಳತೆ. ನಮ್ಮ ಕಾಲೇಜುಗಳಲ್ಲಿ ಎಷ್ಟೋ ಮಕ್ಕಳ ಸಾಮರ್ಥ್ಯ ಹೂತುಹೋಗಿರುವುದು ಈ ಒಂದೇ ಕಾರಣಕ್ಕೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇಂಗ್ಲಿಷ್ ಬೇಕು, ಅದಕ್ಕೆ ಮುಂದೆ ಬರುತ್ತೇನೆ. ಆದರೆ ಹುಡುಕಾಟ ನಡೆಯಬೇಕಾದದ್ದು ಬಾಯಿಗೆ ಬರುವ ಭಾಷೆಯಲ್ಲಿ.

ಹೆಜ್ಜೆ 2: ಏಳು ದಿನದ ನೋಟ್‌ಬುಕ್

ಮೊದಲ ಭೇಟಿಯ ಮರುದಿನದಿಂದ ಒಂದು ವಾರ, ಮಲಗುವ ಮುನ್ನ ಹತ್ತು ನಿಮಿಷ. ಪುಟವನ್ನು ಮೂರು ಭಾಗ ಮಾಡಲು ಹೇಳಿ. ಮೊದಲನೆಯದರಲ್ಲಿ ಇವತ್ತು ಮಾಡಿದ ಕೆಲಸ. ಎರಡನೆಯದರಲ್ಲಿ ಮಾಡುವಾಗ ಹೇಗನಿಸಿತು: ಹೊತ್ತು ಹೋದದ್ದೇ ಗೊತ್ತಾಗಲಿಲ್ಲವೇ, ಗಡಿಯಾರ ನೋಡುತ್ತಾ ಕೂತಿದ್ದೆನೇ? ಮೂರನೆಯದರಲ್ಲಿ ಯಾರಾದರೂ ಏನಾದರೂ ಅಂದರೇ ಎಂಬುದು.

ಎರಡನೆಯ ಭಾಗ ಯಾಕೆ ಮುಖ್ಯ ಎಂದರೆ, ಚೆನ್ನಾಗಿ ಬರುವ ಕೆಲಸವೆಲ್ಲ ಸಾಮರ್ಥ್ಯ ಎನಿಸುವುದಿಲ್ಲ. ಮನೆಯ ಹಿರಿಮಗಳಿಗೆ ಹತ್ತು ಜನರ ಅಡುಗೆ ಚೆನ್ನಾಗಿ ಬರುತ್ತದೆ. ಅದು ಅವಳನ್ನು ಹಿಂಡಿ ಹಾಕುತ್ತಿದ್ದರೆ, ಅದನ್ನು ಅವಳ ಬಲ ಎಂದು ಹೊಗಳಿ ಇನ್ನಷ್ಟು ಹೊರಿಸುವುದು ಅನ್ಯಾಯ. ಮಾಡಲು ಬರಬೇಕು, ಮಾಡಿದ ಮೇಲೆ ಮೈಮನಸ್ಸಿಗೆ ಕಸುವು ಉಳಿದಿರಬೇಕು, ಮತ್ತೆ ಮಾಡಬೇಕೆನಿಸಬೇಕು. ಮೂರೂ ಕೂಡಿದ್ದನ್ನು ಮಾತ್ರ ಗುರುತು ಹಾಕಿ.

ಎಲ್ಲರೂ ಬರೆದು ತರುವುದಿಲ್ಲ. ತಂದವರಲ್ಲೂ ಹಲವರು ‘ಎದ್ದೆ, ತಿಂಡಿ ತಿಂದೆ, ಬಸ್ ಹತ್ತಿದೆ’ ಎಂದು ಬರೆದಿರುತ್ತಾರೆ. ಬರೆಯಲು ಬೇಸರವಿದ್ದವರು ಫೋನಿನಲ್ಲಿ ವಾಯ್ಸ್ ರೆಕಾರ್ಡ್ ಮಾಡಿಕೊಳ್ಳಲಿ. ಊರಿನಲ್ಲಿ ಜಾತ್ರೆ, ಅಡಿಕೆ ಸುಲಿತ, ಕ್ರಿಕೆಟ್ ಟೂರ್ನಮೆಂಟ್ ಇರುವ ವಾರವನ್ನು ಆರಿಸಿಕೊಂಡರೆ ನೋಟ್‌ಬುಕ್ ಹೆಚ್ಚು ತುಂಬುತ್ತದೆ. ಇಂಟರ್ನಲ್ಸ್ ಇರುವ ವಾರ ಬೇಡ.

ಹೆಜ್ಜೆ 3: ಬಲ್ಲವರನ್ನು ಕೇಳುವುದು

ನಮಗೆ ಕಾಣದ, ಬೇರೆಯವರಿಗೆ ಕಾಣುವ ಒಂದು ಪಾಲು ನಮ್ಮೆಲ್ಲರಲ್ಲೂ ಇದೆ. 1955ರಲ್ಲಿ ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗ್‌ಹ್ಯಾಮ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ನಾಲ್ಕು ಮನೆಯ ಚೌಕವಾಗಿ ಬರೆದು ತೋರಿಸಿದರು. ಇಬ್ಬರ ಹೆಸರಿನ ಮೊದಲ ಭಾಗ ಸೇರಿಸಿ ‘ಜೊಹಾರಿ ಕಿಟಕಿ’ ಎನ್ನುತ್ತಾರೆ. ತನಗೂ ಗೊತ್ತು ಇತರರಿಗೂ ಗೊತ್ತು, ತನಗೆ ಮಾತ್ರ ಗೊತ್ತು, ಇತರರಿಗೆ ಮಾತ್ರ ಗೊತ್ತು, ಯಾರಿಗೂ ಗೊತ್ತಿಲ್ಲ ಎಂಬ ನಾಲ್ಕು ಮನೆ. ನಮಗೆ ಬೇಕಾದದ್ದು ಮೂರನೆಯ ಮನೆ.

ಐದು ಜನರನ್ನು ಆರಿಸಲು ಹೇಳಿ. ಮನೆಯವರೊಬ್ಬರು, ಹಳೆಯ ಶಾಲೆಯ ಮೇಷ್ಟ್ರು ಅಥವಾ ಟೀಚರ್ ಒಬ್ಬರು, ಒಬ್ಬ ಗೆಳೆಯ ಅಥವಾ ಗೆಳತಿ, ಜೊತೆಯಲ್ಲಿ ಕೆಲಸ ಮಾಡಿದವರೊಬ್ಬರು, ತನಗಿಂತ ಚಿಕ್ಕವರೊಬ್ಬರು. ಕೊನೆಯವರನ್ನು ಬಿಡಬೇಡಿ. ಲೆಕ್ಕ ಹೇಳಿಸಿಕೊಂಡ ಪಕ್ಕದ ಮನೆಯ ಹುಡುಗನ ಮಾತಿಗೆ ಹಿರಿಯರ ಮಾತಿಗಿಂತ ಹೆಚ್ಚು ತೂಕ ಇರುವುದುಂಟು.

ಕೇಳುವ ರೀತಿ ಸರಿಯಾಗಿರಬೇಕು. ‘ನನ್ನಲ್ಲಿ ಒಳ್ಳೆಯದೇನಿದೆ’ ಎಂದು ಅಮ್ಮನನ್ನು ಕೇಳಿದರೆ ‘ನನ್ನ ಮಗ ಚಿನ್ನ’ ಎನ್ನುತ್ತಾರೆ. ಅದರಿಂದ ಕೆಲಸ ಆಗುವುದಿಲ್ಲ. ಘಟನೆ ಕೇಳಬೇಕು. ವಾಟ್ಸ್ಆ್ಯಪ್‌ನಲ್ಲಿ ಕಳಿಸಬಹುದಾದ ಮಾತು ಹೀಗಿರಲಿ: ‘ಅಣ್ಣಾ, ಕಾಲೇಜಿನಲ್ಲಿ ಒಂದು ಅಭ್ಯಾಸ ಕೊಟ್ಟಿದ್ದಾರೆ. ನಾನು ಯಾವುದಾದರೂ ಕೆಲಸವನ್ನು ಚೆನ್ನಾಗಿ ಮಾಡಿದ್ದು ನಿಮಗೆ ನೆನಪಿದ್ದರೆ ಆ ಒಂದು ಸಂದರ್ಭ ಹೇಳಿ. ಅವತ್ತು ನಾನು ಏನು ಮಾಡಿದೆ, ಅದರಿಂದ ಏನಾಯಿತು ಅಂತ. ವಾಯ್ಸ್ ಮೆಸೇಜ್ ಕಳಿಸಿದರೂ ಸಾಕು.’

ಮಿಷಿಗನ್ ವಿಶ್ವವಿದ್ಯಾಲಯದ ಅಧ್ಯಾಪಕರು ಉದ್ಯೋಗಿಗಳಿಗಾಗಿ ಇದೇ ಬಗೆಯ ಅಭ್ಯಾಸವೊಂದನ್ನು ರೂಪಿಸಿದ್ದಾರೆ. ಅಲ್ಲಿಯೂ ಹೊಗಳಿಕೆಯ ಮಾತಿಗಿಂತ ನಡೆದ ಸಂದರ್ಭಕ್ಕೇ ಬೆಲೆ. ಬಂದ ಐದು ಕಥೆಗಳನ್ನು ಎದುರಿಗಿಟ್ಟುಕೊಂಡು ಎರಡು ಮೂರರಲ್ಲಿ ಮರುಕಳಿಸಿದ್ದು ಏನು ಎಂದು ವಿದ್ಯಾರ್ಥಿಯೇ ಗೆರೆ ಎಳೆಯಲಿ. ನಾವು ಎಳೆದುಕೊಡುವುದು ಬೇಡ.

ಈ ಹೆಜ್ಜೆಯಲ್ಲಿ ಕಣ್ಣಲ್ಲಿ ನೀರು ಬರುವುದು ಅಪರೂಪವಲ್ಲ. ಅಪ್ಪ ಒಂದು ದಿನವೂ ಬಾಯಿಬಿಟ್ಟು ಮೆಚ್ಚದವರು, ಮೆಸೇಜಿನಲ್ಲಿ ‘ಬೋರ್‌ವೆಲ್ ಮೋಟಾರ್ ಸುಟ್ಟಾಗ ಇವನೇ ಓಡಾಡಿ ರಿಪೇರಿ ಮಾಡಿಸಿ ಬೆಳೆ ಉಳಿಸಿದ’ ಎಂದಿರುತ್ತಾರೆ.

ಹೆಜ್ಜೆ 4: ಆನ್‌ಲೈನ್ ಪರೀಕ್ಷೆಗಳು

ಬೇಕೆನಿಸಿದರೆ ಮಾತ್ರ. ಇರುವುದರಲ್ಲಿ ಹೆಚ್ಚು ಅಧ್ಯಯನ ಆಗಿರುವುದು ವ್ಯಕ್ತಿಯ ಒಳ್ಳೆಯ ಗುಣಗಳನ್ನು ಅಳೆಯುವ ವಿಐಎ (ವ್ಯಾಲ್ಯೂಸ್ ಇನ್ ಆ್ಯಕ್ಷನ್) ಪ್ರಶ್ನಾವಳಿ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕ್ರಿಸ್ಟೋಫರ್ ಪೀಟರ್ಸನ್ ಮತ್ತು ಮಾರ್ಟಿನ್ ಸೆಲಿಗ್ಮನ್ 2004ರಲ್ಲಿ ಪ್ರಕಟಿಸಿದ ವರ್ಗೀಕರಣ ಇದರ ತಳಹದಿ. ಕುತೂಹಲ, ಪ್ರಾಮಾಣಿಕತೆ, ಹಿಡಿದ ಕೆಲಸ ಬಿಡದಿರುವುದು, ದಯೆ, ನ್ಯಾಯಪರತೆ, ವಿನಯ, ಕೃತಜ್ಞತೆ, ಹಾಸ್ಯಪ್ರಜ್ಞೆ ಹೀಗೆ 24 ಗುಣಗಳನ್ನು ಆರು ಗುಂಪಿನಲ್ಲಿ ಜೋಡಿಸಿದ್ದಾರೆ. ವೆಬ್‌ಸೈಟಿನಲ್ಲಿ ಉಚಿತವಾಗಿ ಉತ್ತರಿಸಬಹುದು, 24 ಗುಣಗಳೂ ನಿಮ್ಮಲ್ಲಿ ಯಾವ ಕ್ರಮದಲ್ಲಿವೆ ಎಂಬ ಪಟ್ಟಿ ಬರುತ್ತದೆ. ಗ್ಯಾಲಪ್ ಸಂಸ್ಥೆಯ 34 ವಿಷಯಗಳ ಪರೀಕ್ಷೆಯೂ ಹೆಸರುವಾಸಿ. ಅದಕ್ಕೆ ಹಣ ಕೊಡಬೇಕು. ವಿದ್ಯಾರ್ಥಿಗಳಿಗೆ ಅದರ ಅಗತ್ಯವಿಲ್ಲ.

ಇಂಥ ಯಾವುದೇ ಫಲಿತಾಂಶ ನೋಡುವ ಮುನ್ನ ವಿದ್ಯಾರ್ಥಿಗಳಿಗೆ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ಅವರ ಪ್ರಯೋಗದ ಕಥೆ ಹೇಳಿ. 1948ರಲ್ಲಿ ಅವರು ತಮ್ಮ ತರಗತಿಯ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟರು. ಆಮೇಲೆ ಪ್ರತಿಯೊಬ್ಬರಿಗೂ ‘ಇದು ನಿನ್ನದೇ ವಿಶ್ಲೇಷಣೆ’ ಎಂದು ಒಂದು ಹಾಳೆ ಹಂಚಿ, ಎಷ್ಟು ಸರಿಯಿದೆ ಎಂದು ಐದಕ್ಕೆ ಅಂಕ ಕೊಡಿ ಎಂದರು. ಸರಾಸರಿ 4.26 ಬಂತು. ಎಲ್ಲರಿಗೂ ಕೊಟ್ಟದ್ದು ಒಂದೇ ಹಾಳೆ, ಅದರ ಬಹುತೇಕ ವಾಕ್ಯಗಳು ಜ್ಯೋತಿಷ್ಯದ ಪುಸ್ತಕವೊಂದರಿಂದ ಎತ್ತಿಕೊಂಡವು. ‘ನಿಮ್ಮಲ್ಲಿ ಇನ್ನೂ ಬಳಸದ ಶಕ್ತಿ ಬಹಳ ಇದೆ’ ಎಂಬ ಮಾತು ಯಾರಿಗೆ ಒಪ್ಪುವುದಿಲ್ಲ? ಪರೀಕ್ಷೆಯ ಫಲಿತಾಂಶ ಏನೇ ಹೇಳಲಿ, ನೋಟ್‌ಬುಕ್‌ನಲ್ಲಿ ಅಥವಾ ಐದು ಕಥೆಗಳಲ್ಲಿ ಅದಕ್ಕೊಂದು ಘಟನೆ ಸಿಕ್ಕರೆ ಇಟ್ಟುಕೊಳ್ಳಿ, ಸಿಗದಿದ್ದರೆ ಬಿಟ್ಟುಬಿಡಿ.

ಬೆರಳಚ್ಚು ತೆಗೆದುಕೊಂಡು ಬುದ್ಧಿಶಕ್ತಿ, ಹೊಂದುವ ಕೋರ್ಸು, ವೃತ್ತಿ ಎಲ್ಲ ಹೇಳುತ್ತೇವೆ ಎನ್ನುವ ‘ಡಿಎಂಐಟಿ’ ಪರೀಕ್ಷೆಯವರು ಕಾಲೇಜುಗಳಿಗೂ ಬರುತ್ತಾರೆ. ಭಾರತೀಯ ಮನೋವೈದ್ಯರ ಸಂಘ ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಅದಕ್ಕೆ ಮಕ್ಕಳಿಂದ ಒಂದು ರೂಪಾಯಿಯನ್ನೂ ಖರ್ಚು ಮಾಡಿಸಬೇಡಿ.

ಹೆಜ್ಜೆ 5: ಒಂದು ಪದ ಬೇಡ, ಒಂದು ವಾಕ್ಯ ಬರೆಸಿ

‘ತಾಳ್ಮೆ’, ‘ನಾಯಕತ್ವ’, ‘ಸಂವಹನ’ ಎಂದು ಬರೆದರೆ ಅದು ಯಾರದೂ ಆಗಬಹುದು. ಯಾವ ಸಂದರ್ಭದಲ್ಲಿ, ಯಾರ ಜೊತೆ, ಏನು ಮಾಡಬಲ್ಲೆ ಎಂಬುದು ಒಂದು ವಾಕ್ಯದಲ್ಲಿ ಬರಬೇಕು.

ಡೈರಿಯ ಹುಡುಗಿ ಮೊದಲು ಬರೆದದ್ದು ‘ತಾಳ್ಮೆ ಇದೆ’. ಎರಡು ಸಲ ತಿದ್ದಿದ ಮೇಲೆ ಹೀಗಾಯಿತು: ‘ಸಿಟ್ಟಿನಲ್ಲಿ ಬಂದವರ ಎದುರಿಗೆ ಲೆಕ್ಕ ಬಿಚ್ಚಿಟ್ಟು, ದನಿ ಏರಿಸದೆ ಒಪ್ಪಿಸಬಲ್ಲೆ.’ ಕೇಟರಿಂಗ್‌ಗೆ ಹೋಗುವ ಹುಡುಗನದು ‘ಟೀಂ ವರ್ಕ್’ ಇದ್ದದ್ದು, ‘ಪಂಕ್ತಿಯಲ್ಲಿ ಯಾವುದು ಮುಗಿಯುತ್ತಾ ಬಂತು ಎಂದು ಕೇಳುವ ಮೊದಲೇ ನೋಡಿ ಅಡುಗೆಯವರಿಗೆ ತಿಳಿಸುತ್ತೇನೆ’ ಎಂದಾಯಿತು. ಓದಿದವರಿಗೆ ಆ ಹುಡುಗ ಕಣ್ಣಿಗೆ ಕಟ್ಟುತ್ತಾನೆ.

ಒಬ್ಬರಿಗೆ ಮೂರು ವಾಕ್ಯ ಸಾಕು. ಮೂರಕ್ಕಿಂತ ಹೆಚ್ಚು ಬರೆದವರದು ಮತ್ತೆ ಪದಗಳ ಪಟ್ಟಿಯಾಗಿಬಿಡುತ್ತದೆ. ಮೆಂಟರ್ ಪುಸ್ತಕದ ಕಾಲಂಗೆ ಈ ವಾಕ್ಯಗಳನ್ನೇ ಬರೆಯಿರಿ.

ಹೆಜ್ಜೆ 6: ಒಂದನ್ನು ಆರಿಸಿ, ಅದಕ್ಕೆ ಕೆಲಸ ಕೊಡಿ

ಗುರುತಿಸಿ ಬಿಟ್ಟರೆ ಅದು ಪುಸ್ತಕದಲ್ಲೇ ಉಳಿಯುತ್ತದೆ. ಹೊಸ ಜಾಗದಲ್ಲಿ ಬಳಸಿದಾಗಲೇ ಬೆಳೆಯುವುದು. ಸೆಲಿಗ್ಮನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪಿನವರು ತಮ್ಮ ಮುಖ್ಯ ಗುಣವೊಂದನ್ನು ವಾರವಿಡೀ ಪ್ರತಿದಿನ ಹೊಸ ರೀತಿಯಲ್ಲಿ ಬಳಸಬೇಕಿತ್ತು. ಅವರ ನೆಮ್ಮದಿ ಹೆಚ್ಚಿದ್ದು ಆರು ತಿಂಗಳ ನಂತರವೂ ಕಂಡುಬಂತು. ವಾರ ಮುಗಿದ ಮೇಲೂ ತಾವಾಗಿಯೇ ಮುಂದುವರಿಸಿದವರಿಗೆ ಹೆಚ್ಚು ಲಾಭವಾಯಿತು. ಗುಣ ಏನೆಂದು ಕಂಡುಕೊಂಡಷ್ಟಕ್ಕೇ ನಿಲ್ಲಿಸಿದ ಇನ್ನೊಂದು ಗುಂಪಿಗೆ ಇಷ್ಟು ಕಾಲ ಬಾಳುವ ಫಲ ಸಿಗಲಿಲ್ಲ.

ಕಾಲೇಜಿನಲ್ಲಿ ಹೊಸ ಜಾಗಗಳಿಗೆ ಬರವಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಸೇವೆ, ಜೊತೆಗೆ ಹಳ್ಳಿಯೊಂದರಲ್ಲಿ ಏಳು ದಿನದ ವಿಶೇಷ ಶಿಬಿರ. ಅಡುಗೆ, ಲೆಕ್ಕ, ಊರಿನ ಹಿರಿಯರ ಜೊತೆ ಮಾತು, ಬೆಳಗಿನ ಶ್ರಮದಾನ, ಸಂಜೆಯ ಕಾರ್ಯಕ್ರಮ, ಮಳೆ ಬಂದಾಗಿನ ಫಜೀತಿ ಎಲ್ಲವೂ ಅಲ್ಲಿರುತ್ತವೆ. ಆದರೆ ಶಿಬಿರದ ಹೊಣೆಗಳನ್ನು ಸಾಮಾನ್ಯವಾಗಿ ಮುಂದೆ ಬಂದು ಕೈಯೆತ್ತುವವರಿಗೆ ಹಂಚುತ್ತೇವೆ. ಈ ಸಲ ವಾಕ್ಯಗಳನ್ನು ನೋಡಿ ಹಂಚಿ.

ಡೈರಿಯ ಹುಡುಗಿಗೆ ಶಿಬಿರದ ಲೆಕ್ಕ ಕೊಟ್ಟಾಗ ಅವಳು ಒಂದು ಕ್ರಮ ಮಾಡಿಕೊಂಡಳು. ತರಕಾರಿ, ಗ್ಯಾಸ್, ಹಾಲು, ಬಾಡಿಗೆ ಪಾತ್ರೆ, ಪ್ರತಿಯೊಂದರ ಬಿಲ್ಲನ್ನೂ ಆ ದಿನವೇ ಹಾಳೆಗೆ ಅಂಟಿಸಿ, ತಂಗಿದ್ದ ಶಾಲೆಯ ಗೋಡೆಗೆ ಸಂಜೆ ಹಚ್ಚುತ್ತಿದ್ದಳು. ಊಟಕ್ಕೆ ಪಾಯಸ ಯಾಕಿಲ್ಲ ಎಂದು ಹುಡುಗರು ಗದ್ದಲ ಮಾಡಿದ ದಿನ ಆ ಹಾಳೆಯ ಮುಂದೆ ನಿಲ್ಲಿಸಿ, ಉಳಿದ ಹಣ, ಉಳಿದ ದಿನ ಎರಡನ್ನೂ ತೋರಿಸಿದಳು. ಒಬ್ಬಿಬ್ಬರ ಎದುರು ಚೆನ್ನಾಗಿ ಮಾತಾಡುವವಳಿಗೆ ಐವತ್ತು ಜನರ ಎದುರು ಗಂಟಲು ಕಟ್ಟುತ್ತದೆ ಎಂಬುದೂ ಅಲ್ಲೇ ಗೊತ್ತಾಯಿತು. ಮುಂದೆ ಪಳಗಬೇಕಾದ ಜಾಗ ಹೀಗೆ ತಾನಾಗಿ ಸಿಗುತ್ತದೆ. ಮರುದಿನದಿಂದ ರಾತ್ರಿ ಊಟಕ್ಕೆ ಮೊದಲು ಎರಡು ನಿಮಿಷ ನಿಂತು ಆ ದಿನದ ಖರ್ಚು ಓದುವುದು ಅವಳ ಕೆಲಸವಾಯಿತು. ಮೊದಲ ದಿನ ಹಾಳೆಯಿಂದ ಕಣ್ಣೆತ್ತಲಿಲ್ಲ. ‘ನಾಳೆ ಕೊನೆಯ ಸಾಲಿನವರನ್ನು ನೋಡಿ ಮೊತ್ತ ಹೇಳು’ ಎಂದಷ್ಟೇ ಹೇಳಿದ್ದು. ಪ್ರತಿದಿನ ಒಂದೇ ಒಂದು ತಿದ್ದುಪಡಿ.

ಪಳಗುವುದಕ್ಕೂ ಸುಮ್ಮನೆ ಮತ್ತೆ ಮತ್ತೆ ಮಾಡುವುದಕ್ಕೂ ವ್ಯತ್ಯಾಸವಿದೆ. ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಮೇಲೆ ನಡೆಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಎತ್ತಿ ಹೇಳಿತು. ಮೇಲೇರಿದವರು ತಮ್ಮನ್ನು ತಿದ್ದಿಕೊಳ್ಳುವ ಉದ್ದೇಶದಿಂದ, ಒಂಟಿಯಾಗಿ ಕೂತು ಗಮನವಿಟ್ಟು ಹೆಚ್ಚು ಹೊತ್ತು ಅಭ್ಯಾಸ ಮಾಡುತ್ತಿದ್ದರು. ನಮ್ಮ ಸಂಗೀತದ ಗುರುಗಳು ಆರಂಭದ ಸ್ವರಪಾಠವಾದ ಸರಳೆ ವರಸೆಯನ್ನು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ ಹಾಡಿಸುವಾಗ ಮಾಡಿಸುವುದೂ ಇದೇ.

ಎನ್‌ಎಸ್‌ಎಸ್ ಇಲ್ಲದವರಿಗೆ ಬೇರೆ ದಾರಿಗಳಿವೆ. ಗ್ರಂಥಾಲಯದಲ್ಲಿ ಪುಸ್ತಕ ಜೋಡಣೆ, ಫ್ರೆಷರ್ಸ್ ಡೇ ಊಟದ ವ್ಯವಸ್ಥೆ, ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್ ಅರ್ಜಿ ತುಂಬಲು ಕಿರಿಯರಿಗೆ ನೆರವು, ವಿಭಾಗದ ಗೋಡೆಪತ್ರಿಕೆ. ಕೊಡುವ ಕೆಲಸದಲ್ಲಿ ಮೂರು ಅಂಶ ಇರುವಂತೆ ನೋಡಿಕೊಳ್ಳಿ: ನಿಜವಾಗಿ ಯಾರಿಗೋ ಬೇಕಾದ ಕೆಲಸವಾಗಿರಲಿ, ಮುಗಿಯುವ ದಿನ ಗೊತ್ತಿರಲಿ, ಕೆಟ್ಟರೂ ಸರಿಪಡಿಸಬಹುದಾದಷ್ಟು ಚಿಕ್ಕದಿರಲಿ.

ಕೆಲಸ ಶುರುವಾಗುವ ದಿನ ವಿದ್ಯಾರ್ಥಿ ಒಂದು ಚೀಟಿಯಲ್ಲಿ ‘ಇದು ಹೀಗಾಗುತ್ತದೆ ಎಂದುಕೊಂಡಿದ್ದೇನೆ’ ಎಂದು ಬರೆದು ದಿನಾಂಕ ಹಾಕಿ ನಿಮ್ಮ ಕೈಗೆ ಕೊಡಲಿ. ಮುಗಿದ ಮೇಲೆ ಚೀಟಿ ತೆರೆದು ಹೋಲಿಸಿ. ನಿರ್ವಹಣಾ ಶಾಸ್ತ್ರದ ಪೀಟರ್ ಡ್ರಕ್ಕರ್ ಹೇಳಿಕೊಟ್ಟ ಕ್ರಮ ಇದು. ಅವರು ಒಂಬತ್ತು ತಿಂಗಳೋ ಒಂದು ವರ್ಷವೋ ಬಿಟ್ಟು ಹೋಲಿಸಿ ನೋಡಿ ಎಂದಿದ್ದರು. ಸೆಮಿಸ್ಟರಿನ ಲೆಕ್ಕಕ್ಕೆ ಎರಡು ತಿಂಗಳು ಸಾಕು. ಎಲ್ಲಿ ಅಂದುಕೊಂಡದ್ದಕ್ಕಿಂತ ಚೆನ್ನಾಯಿತೋ ಅಲ್ಲಿ ಇನ್ನೊಂದು ಸಾಮರ್ಥ್ಯ ಅಡಗಿರುತ್ತದೆ.

ಹೆಜ್ಜೆ 7: ಕೊರತೆಗಳ ವಿಷಯ

ಬಲವನ್ನೇ ಬೆಳೆಸಿ, ಕೊರತೆ ಮರೆತುಬಿಡಿ ಎನ್ನುವವರಿದ್ದಾರೆ. ನಮ್ಮ ಮಕ್ಕಳಿಗೆ ಆ ಮಾತು ಹೇಳುವುದು ಸರಿಯಲ್ಲ. ದಾರಿ ಮುಚ್ಚುವ ಕೊರತೆಗಳು ಕೆಲವು ಇವೆ: ಸರಳ ಇಂಗ್ಲಿಷಿನಲ್ಲಿ ಒಂದು ಇ-ಮೇಲ್ ಬರೆಯಲು ಬಾರದಿರುವುದು, ಎಕ್ಸೆಲ್ ಗೊತ್ತಿಲ್ಲದಿರುವುದು, ಅಪರಿಚಿತರ ಎದುರು ಹೆಸರು ಹೇಳಲೂ ಆಗದಿರುವುದು. ಇವುಗಳಲ್ಲಿ ಪಾಸಾಗುವಷ್ಟಾದರೂ ಕಲಿಯಲೇಬೇಕು. ಕಲಿಯುವ ದಾರಿ ಮಾತ್ರ ಸಾಮರ್ಥ್ಯದ ಮೂಲಕವೇ ಹೋಗಲಿ. ಶಿಬಿರದ ಲೆಕ್ಕ ಬರೆದವಳು ಅದೇ ಲೆಕ್ಕವನ್ನು ಎಕ್ಸೆಲ್‌ಗೆ ಹಾಕುತ್ತಾ ಎಕ್ಸೆಲ್ ಕಲಿಯಲಿ. ತನ್ನ ಮೂರು ವಾಕ್ಯಗಳನ್ನು ಇಂಗ್ಲಿಷಿಗೆ ತರುತ್ತಾ ಇಂಗ್ಲಿಷ್ ಕಲಿಯಲಿ. ಹೇಳಲು ಸ್ವಂತದ್ದೇನೋ ಇದ್ದಾಗ ಭಾಷೆ ಬೇಗ ಹತ್ತುತ್ತದೆ.

ಉಳಿದ ಕೊರತೆಗಳನ್ನು ಬಿಟ್ಟರೂ ನಡೆಯುತ್ತದೆ. ಹಾಡಲು ಬಾರದಿದ್ದರೆ ಬೇಡ.

ಸಾಮರ್ಥ್ಯ ಅತಿಯಾದರೂ ತೊಂದರೆಯೇ. ಎಲ್ಲರ ರೆಕಾರ್ಡ್ ಬರೆದುಕೊಟ್ಟು ತನ್ನ ಇಂಟರ್ನಲ್ಸ್ ಕೆಡಿಸಿಕೊಳ್ಳುವ ಉಪಕಾರಿ ಪ್ರತಿ ತರಗತಿಯಲ್ಲೂ ಇದ್ದಾನೆ. ಅವನಿಗೆ ಕಲಿಸಬೇಕಾದದ್ದು ‘ಇವತ್ತು ಆಗಲ್ಲ ಕಣೋ’ ಎನ್ನುವುದನ್ನು.

ಹೆಜ್ಜೆ 8: ರೆಸ್ಯೂಮೆಗೆ, ಸಂದರ್ಶನಕ್ಕೆ

ಇಲ್ಲಿಯವರೆಗೆ ಬಂದವರಿಗೆ ಇದು ಸುಲಭ. ಸಂದರ್ಶನದಲ್ಲಿ ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಎಂದಾಗ ಹೆಸರು, ಊರು, ಅಪ್ಪನ ಕೆಲಸ ಹೇಳಿ ಸುಮ್ಮನಾಗುವವರೇ ಹೆಚ್ಚು. ಉತ್ತರವನ್ನು ನಾಲ್ಕು ತುಂಡಾಗಿ ಕಟ್ಟಿಸಿ: ಸಂದರ್ಭ ಏನಿತ್ತು, ನನ್ನ ಹೊಣೆ ಏನು, ನಾನು ಏನು ಮಾಡಿದೆ, ಏನಾಯಿತು. ಮಾನವ ಸಂಪನ್ಮೂಲ ವಿಭಾಗದವರು ‘ಸ್ಟಾರ್’ ಕ್ರಮ ಎನ್ನುವುದು ಇದಕ್ಕೇ.

‘ನಮ್ಮೂರ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಬೆಳಗಿನ ಹಾಲಿನ ಲೆಕ್ಕ ಬರೆಯುತ್ತೇನೆ. ಫ್ಯಾಟ್ ಕಡಿಮೆ ಬಂದರೆ ಸದಸ್ಯರಿಗೆ ಕಾರಣ ತಿಳಿಸುವುದು ನನ್ನ ಪಾಲಿಗೆ ಬಂದಿತ್ತು. ಹಿಂದಿನ ವಾರಗಳ ಅಂಕಿ ತೋರಿಸಿ, ಅವರ ಎದುರೇ ಮತ್ತೆ ಪರೀಕ್ಷೆ ಮಾಡುತ್ತಿದ್ದೆ. ಬಟವಾಡೆಯ ದಿನದ ತಕರಾರುಗಳು ಕಡಿಮೆಯಾದವು.’ ಇಷ್ಟನ್ನು ಕನ್ನಡದಲ್ಲಿ ತಡವರಿಸದೆ ಹೇಳುವುದನ್ನು ಕಲಿತ ಮೇಲೆ, ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಿಗೆ ಇಳಿಸಿ. ಬ್ಯಾಂಕಿನವರೋ ಅಕೌಂಟ್ಸ್ ಕಂಪನಿಯವರೋ ಇದನ್ನು ಕೇಳಿ ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆಗೆ ಅವಳ ಬಳಿ ಉತ್ತರ ಇದ್ದೇ ಇರುತ್ತದೆ, ಯಾಕೆಂದರೆ ನಡೆದದ್ದನ್ನೇ ಹೇಳುತ್ತಿದ್ದಾಳೆ. ಗೆಳೆಯನ ರೆಸ್ಯೂಮೆ ನಕಲು ಮಾಡಿದವರು ಸಿಕ್ಕಿಬೀಳುವುದು ಆ ಎರಡನೇ ಪ್ರಶ್ನೆಯಲ್ಲೇ.

ಇದಿಷ್ಟೇ ಸಾಲದ ಸಂದರ್ಭಗಳು

ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಕಳೆಯುವ, ಬೆಳಗಿನ ತಿಂಡಿ ತಿನ್ನದೆ ಬರುವ ವಿದ್ಯಾರ್ಥಿಗೆ ‘ನಿನ್ನಲ್ಲಿ ಎಂಥ ಸಹನಶಕ್ತಿ!’ ಎನ್ನಬೇಡಿ. ಬಸ್ ಪಾಸ್, ಹಾಸ್ಟೆಲ್ ಸೀಟು, ಸ್ಕಾಲರ್‌ಶಿಪ್ ಕೊಡಿಸಲು ಆಗುವುದೇ ನೋಡಿ. ಕಷ್ಟವನ್ನು ಗುಣವೆಂದು ಹೊಗಳಿ ಕೈತೊಳೆದುಕೊಳ್ಳುವುದಕ್ಕೆ ಈ ಕ್ರಮ ಬಳಕೆಯಾಗಬಾರದು.

‘ನನ್ನಲ್ಲಿ ಏನೂ ಇಲ್ಲ’ ಎಂಬುದು ಸಂಕೋಚದ ಮಾತಾಗಿದ್ದರೆ ಎರಡು ಮೂರು ಭೇಟಿಯಲ್ಲಿ ಕರಗುತ್ತದೆ. ವಾರಗಟ್ಟಲೆ ಅದೇ ಮಾತು, ಜೊತೆಗೆ ನಿದ್ದೆಯಿಲ್ಲ, ಊಟ ಬೇಡ, ಗೆಳೆಯರಿಂದ ದೂರ, ಬದುಕೇ ಬೇಡ ಎಂಬ ಮಾತು ಕಂಡರೆ ನೋಟ್‌ಬುಕ್ ಬದಿಗಿಡಿ. ಅದು ಮೆಂಟರ್ ಒಬ್ಬರೇ ನಿಭಾಯಿಸುವ ವಿಷಯವಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416 ಹಗಲಿರುಳು ಉಚಿತ, ಕನ್ನಡದಲ್ಲೂ ಮಾತಾಡಬಹುದು. ನಂಬರು ಕೊಟ್ಟು ಕಳಿಸುವುದಕ್ಕಿಂತ ಪಕ್ಕದಲ್ಲಿ ಕೂತು ಕರೆ ಮಾಡಿಸುವುದು ಒಳ್ಳೆಯದು.

ಸೆಮಿಸ್ಟರ್ ಮುಗಿದ ಮೇಲೆ

ಮೂರು ವಾಕ್ಯ, ಹೋಲಿಸಿ ನೋಡಿದ ಚೀಟಿ, ಮಾಡಿದ ಕೆಲಸದ ಒಂದು ಫೋಟೋ ಅಥವಾ ಹಾಳೆ, ಇಷ್ಟನ್ನು ವಿದ್ಯಾರ್ಥಿಯ ಕೈಯಲ್ಲೇ ಒಂದು ಫೈಲಿನಲ್ಲಿ ಇರಿಸಿ. ಮುಂದಿನ ವರ್ಷ ಮೆಂಟರ್ ಬದಲಾದರೂ ಫೈಲ್ ಅವರ ಜೊತೆ ಹೋಗುತ್ತದೆ. ಪ್ರತಿ ಸೆಮಿಸ್ಟರಿನ ಶುರುವಿಗೆ ಮೂರರಲ್ಲಿ ಒಂದು ವಾಕ್ಯವನ್ನು ತಿದ್ದಲು ಹೇಳಿ. ಎರಡನೇ ವರ್ಷ ‘ಒಪ್ಪಿಸಬಲ್ಲೆ’ ಎಂದು ಬರೆದವಳು ಕೊನೆಯ ವರ್ಷ ‘ಒಪ್ಪಿಸುವುದನ್ನು ಕಲಿಸಬಲ್ಲೆ’ ಎಂದು ಬರೆಯುವಂತಾದರೆ ಬಹಳ ದೂರ ಬಂದಿದ್ದಾಳೆ ಎಂದರ್ಥ. ಅಂಥವರನ್ನು ಹೊಸ ಬ್ಯಾಚಿನ ಮೊದಲ ಭೇಟಿಗೆ ಕರೆಸಿ, ದಿನಚರಿ ಕೇಳುವ ಕೆಲಸವನ್ನು ಅವರಿಗೇ ಒಪ್ಪಿಸಿ. ‘ಸುಮ್ನೆ’ ಎಂಬ ಮಾತನ್ನು ನಮಗಿಂತ ಬೇಗ ಅವರೇ ಹಿಡಿಯುತ್ತಾರೆ.